ಉಳಿದ ಒಂದು ಹೇಳಿಕೆ

ನಮ್ಮೂರಿನ ಕಾನೂನು ಮತ್ತು ಸಾರ್ವಜನಿಕ ಸುರಕ್ಷತಾ ಕಚೇರಿಯನ್ನು ಮುಚ್ಚುವುದಕ್ಕೆ ಮೂರು ತಿಂಗಳಿರುವಾಗ ಅದರ ಚರಿತ್ರೆ ಬರೆಯುವ ಕೆಲಸ ನನ್ನ ಮೇಲೆ ಬಿತ್ತು. ನಾನು ಚೆನ್ನಾಗಿ ಬರೆಯುತ್ತೇನೆಂದು ಯಾರೂ ಅಂದುಕೊಂಡಿರಲಿಲ್ಲ. ಗುತ್ತಿಗೆಯ ಮೇಲಿದ್ದ ನಾಲ್ವರು ಟೈಪಿಸ್ಟರಲ್ಲಿ ಮೂವರು ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರು, ನಾನು ಉಳಿದಿದ್ದೆ. ಸೂಪರಿಂಟೆಂಡೆಂಟ್ ಗುರುಸಿದ್ದಪ್ಪನವರು ಕರೆದು, "ಮೇಲಿನಿಂದ ಆದೇಶ ಬಂದಿದೆ ನಾಗವೇಣಿ. ಮುಚ್ಚುವ ಪ್ರತಿ ಕಚೇರಿಯೂ ಇಪ್ಪತ್ತು ಪುಟ ಮೀರದ ಹಾಗೆ ತನ್ನ ಚರಿತ್ರೆ ಬರೆದು ಕಳಿಸಬೇಕಂತೆ. ಸಾಧನೆಗಳು ಅಂತ ಒಂದು ಅಧ್ಯಾಯ ಇರಲೇಬೇಕು," ಎಂದರು.

"ಏನು ಸಾಧನೆ ಸಾರ್?"

"ಅದನ್ನೇ ಹುಡುಕು."

ಹುಡುಕಿದೆ. ಕಚೇರಿಯ ಹಿಂದಿನ ಉದ್ದನೆಯ ಹಾಲಿನಲ್ಲಿ ಮೂವತ್ತೆಂಟು ವರ್ಷದ ಕಡತಗಳಿದ್ದವು. ಆ ಕಟ್ಟಡ ಮೊದಲು ರೇಷ್ಮೆಗೂಡಿನ ಮಾರುಕಟ್ಟೆಯಾಗಿತ್ತು. ಗೂಡು ಹರಡುವ ಬಿದಿರಿನ ಜಾಲರಿಗಳ ಮೇಲೇ ಕಡತಗಳನ್ನು ಪೇರಿಸಿಟ್ಟಿದ್ದರು. ಮೊದಲ ವರ್ಷ ಕಚೇರಿಗೆ ಇದ್ದದ್ದು ಒಬ್ಬ ಅಧಿಕಾರಿ, ಒಬ್ಬ ಗುಮಾಸ್ತ, ಒಬ್ಬ ಜವಾನ. ಬಾವಿಗೆ ಕಟ್ಟೆ ಇಲ್ಲದಿದ್ದರೆ, ಗೋಡೆ ವಾಲಿದ್ದರೆ, ಪಟಾಕಿ ಅಂಗಡಿ ಶಾಲೆಯ ಪಕ್ಕದಲ್ಲಿದ್ದರೆ ಬಂದು ನೋಡಬೇಕು. ಯಾರಿಗಾದರೂ ಪೆಟ್ಟಾದರೆ ಸಾಕ್ಷಿಗಳನ್ನು ಕರೆದು ಹೇಳಿಕೆ ತೆಗೆದುಕೊಳ್ಳಬೇಕು. ತಪ್ಪು ಯಾರದೆಂದು ತೀರ್ಮಾನಿಸಬೇಕು. ಕೆಲಸ ಇಷ್ಟೇ. ಮೊದಲ ಪ್ರಕರಣ ಹನ್ನೊಂದು ದಿನದಲ್ಲಿ ತೀರ್ಮಾನವಾಗಿತ್ತು.

ತಪ್ಪು ಯಾರದೆಂದು ಪತ್ತೆ ಮಾಡುವುದು ಈ ಕಚೇರಿಗೆ ಎಂದೂ ಕಷ್ಟವಾಗಿರಲಿಲ್ಲ. ನಮ್ಮೂರಲ್ಲಿ ಅಧಿಕಾರಿಯ ಮುಂದೆ ನಿಜ ಹೇಳಿದವರ ನಾಲಿಗೆಯಿಂದ ಉಪ್ಪು ಹೋಗುತ್ತದೆ. ಕೇಸು ತೀರ್ಮಾನವಾದ ದಿನ ವಾಪಸ್ ಬರುತ್ತದೆ. ಸುಳ್ಳು ಹೇಳಿದವರಿಗೆ ಹೋಗುವುದಿಲ್ಲ. ಆದ್ದರಿಂದ ಹೇಳಿಕೆ ಮುಗಿದ ಮೇಲೆ ಜವಾನ ಒಂದು ಚಮಚದಲ್ಲಿ ಉಪ್ಪಿನ ಹರಳು ತಂದು ಸಾಕ್ಷಿಯ ಬಾಯಿಗೆ ಹಾಕುತ್ತಿದ್ದ. ಸಪ್ಪೆ ಎಂದರೆ ಗುಮಾಸ್ತ ಅಂಚಿನಲ್ಲಿ 'ಸ' ಎಂದು ಬರೆಯುತ್ತಿದ್ದ. ಸಪ್ಪೆ ಎಂದು ನಟಿಸಲು ಹೋದವರನ್ನು ಜವಾನ ದಸ್ತಗೀರ್ ಸಾಬರು ಹಿಡಿದುಬಿಡುತ್ತಿದ್ದರು. "ಉಪ್ಪು ಗೊತ್ತಾದೋನ ಗಂಟಲು ಸುಮ್ನಿರಲ್ಲ," ಎನ್ನುತ್ತಿದ್ದರು. ಅವರು ಇಪ್ಪತ್ತಾರು ವರ್ಷ ಬೇರೆಯವರ ಗಂಟಲು ನೋಡಿದವರು.

ಹೀಗೆ ನಿಜ ಯಾವುದೆಂದು ಕಚೇರಿಗೆ ಮೊದಲ ದಿನವೇ ಗೊತ್ತಿರುತ್ತಿತ್ತು. ಆಮೇಲೆ ಏನೂ ಆಗುತ್ತಿರಲಿಲ್ಲ. ಮೊದಮೊದಲು ತೀರ್ಮಾನಕ್ಕೆ ತಿಂಗಳು ಹಿಡಿಯಿತು, ಹತ್ತನೇ ವರ್ಷದ ಹೊತ್ತಿಗೆ ಮೂರು ವರ್ಷ. ಕೊನೆಯ ತೀರ್ಮಾನವಾಗಿ ಹದಿನಾಲ್ಕು ವರ್ಷವಾಗಿತ್ತು. ಅದು ಒಂದು ಎಮ್ಮೆ ಚರಂಡಿಗೆ ಬಿದ್ದ ಪ್ರಕರಣ, ಸಾಕ್ಷಿ ಒಬ್ಬನೇ. ಇದನ್ನು ಹೀಗೇ ಬರೆದುಕೊಟ್ಟೆ. ಗುರುಸಿದ್ದಪ್ಪನವರು ಕೆಂಪು ಪೆನ್ನಿನಲ್ಲಿ 'ತೀರ್ಮಾನವಾಗಲಿಲ್ಲ' ಎಂದಿದ್ದ ಕಡೆಯಲ್ಲೆಲ್ಲ ಹೊಡೆದುಹಾಕಿ 'ಪರಿಶೀಲನೆಯಲ್ಲಿತ್ತು' ಎಂದು ಬರೆದರು. ಎಮ್ಮೆಯನ್ನು ಹಾಗೇ ಬಿಟ್ಟರು.

ಉಪ್ಪು ಹೋದವರನ್ನು ಊರಲ್ಲಿ ಸಪ್ಪೆಯವರು ಅನ್ನುತ್ತಾರೆ. ಹೋಟೆಲುಗಳಲ್ಲಿ ಅವರಿಗೆ ಗೋಡೆಯ ಕಡೆ ಬೇರೆ ಮೇಜು, ಅದರ ಮೇಲೆ ಬಟ್ಟಲ ತುಂಬ ಉಪ್ಪು. ಎಷ್ಟು ಹಾಕಿಕೊಂಡರೂ ಅಷ್ಟೇ ಎಂದು ಅವರಿಗೆ ಗೊತ್ತು, ಆದರೂ ಹಾಕಿಕೊಳ್ಳುತ್ತಾರೆ. ಸಪ್ಪೆ ಮನೆಯಿಂದ ಹೆಣ್ಣು ತರಲು ಜನ ಹಿಂದೆಮುಂದೆ ನೋಡುತ್ತಾರೆ. ಅತ್ತರೆ ತುಟಿಗೆ ಇಳಿಯುವ ನೀರು ಕೂಡ ಬರೀ ನೀರು. ಕೇಸಿನ ಸುದ್ದಿಯನ್ನು ಕಚೇರಿ ಯಾರಿಗೂ ಕಾಗದ ಬರೆದು ತಿಳಿಸುತ್ತಿರಲಿಲ್ಲ, ಹಾಗಾಗಿ ಪ್ರತಿ ಸಪ್ಪೆ ಮನೆಯಲ್ಲೂ ಬಾಗಿಲ ಪಕ್ಕ ಒಂದು ಭರಣಿ ಇರುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆದು ಒಂದು ಹರಳು ನಾಲಿಗೆಗೆ ಇಟ್ಟುಕೊಳ್ಳುವುದು, ಉಗಿಯುವುದು, ಕೆಲಸಕ್ಕೆ ಹೋಗುವುದು.

ನಮ್ಮ ಮನೆಯಲ್ಲೂ ಭರಣಿಯಿತ್ತು. ನಮ್ಮಮ್ಮ ಚಿಕ್ಕತಾಯಮ್ಮ ಸರ್ಕಾರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದಳು. ನನಗೆ ಏಳು ವರ್ಷವಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಕೆಳಗಿನ ದಾಸ್ತಾನು ಕೋಣೆಯ ವೈರಿನಿಂದ ಬೆಂಕಿ ಎದ್ದು ಮುಂದಿನ ಮೆಟ್ಟಿಲನ್ನು ಹಿಡಿಯಿತು. ಮೇಲೆ ತಲೆಗೆ ನೀರು ಹಾಕಿಕೊಂಡು ಮಲಗಿದ್ದ ಹುಡುಗಿಯರು ಹಿಂದಿನ ಮೆಟ್ಟಿಲಿನಿಂದ ಇಳಿದರು. ಹಿಂಬಾಗಿಲಿಗೆ ಬೀಗವಿತ್ತು. ಹುಡುಗಿಯರು ಸಿನಿಮಾಕ್ಕೆ ಹೋಗುತ್ತಾರೆಂದು ವಾರ್ಡನ್ ಹಾಕಿಸಿದ ಬೀಗ. ಒಂಬತ್ತು ಜನ ಆ ಬಾಗಿಲ ಹಿಂದೆ ಸತ್ತರು. ಹೇಳಿಕೆ ಕೊಟ್ಟವರು ಹನ್ನೊಂದು ಜನ. ಹನ್ನೊಂದಕ್ಕೂ ಅಂಚಿನಲ್ಲಿ 'ಸ' ಇದೆ.

ಉಪ್ಪು ಗೊತ್ತಾಗದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಸ್ಟೆಲಿನವರು ಎರಡು ತಿಂಗಳಲ್ಲಿ ಬಿಡಿಸಿದರು. ಅಪ್ಪ ಎರಡು ವರ್ಷ ತಡೆದುಕೊಂಡ, ಆಮೇಲೆ ಪಕ್ಕದ ಊರಿನಲ್ಲಿ ಬೇರೆ ಮನೆ ಮಾಡಿಕೊಂಡ. ಮದುವೆ ಮನೆಗಳಲ್ಲಿ ತರಕಾರಿ ಹೆಚ್ಚಲು, ಪಾತ್ರೆ ತಿಕ್ಕಲು ಅಮ್ಮನನ್ನು ಕರೆಯುತ್ತಿದ್ದರು. ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಅಡುಗೆ ಅವಳದೇ. ಸಾರು ಕುದಿಯುವಾಗ ಸೌಟು ಹಿಡಿದು, "ವೇಣಿ, ಬಾ, ನೋಡು," ಎನ್ನುವಳು. ನಾನು ನೋಡಿ, ಸಾಕು ಅಥವಾ ಇನ್ನೊಂಚೂರು ಎನ್ನಬೇಕು. ನಾನು ಕಾಲೇಜು ಓದಲು ಬೇರೆ ಊರಿನ ಹಾಸ್ಟೆಲ್ ಸೇರುವವರೆಗೂ ಅವಳ ನಾಲಿಗೆ ನಾನೇ.

ಈಚೆಗೆ ಅವಳಿಗೆ ಕಾಲು ಬಾವು ಬಂದಿತ್ತು. ಡಾಕ್ಟರು ರಿಪೋರ್ಟು ನೋಡಿ, "ಕಿಡ್ನಿ ಹೋಗ್ತಾ ಇದೆ. ಸಪ್ಪೆಯವರದೆಲ್ಲ ಇದೇ ಕಥೆ. ಉಪ್ಪು ಬಿಡಿಸಿ," ಎಂದರು. ಬಿಡಿಸುವುದು ಹೇಗೆ? ನಾನು ಕಚೇರಿಗೆ ಹೋದಾಗ ಅವಳು ಉಪ್ಪಿನಕಾಯಿಯ ರಸವನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಿದ್ದಳು. ಭರಣಿ ಬಚ್ಚಿಟ್ಟರೆ ಪಕ್ಕದ ಮನೆಯಿಂದ ತಂದಳು. ಕೇಳಿದರೆ, "ಒಂದು ದಿನ ಗೊತ್ತಾಗಬಹುದು ಅಂತ ಕಣೆ," ಎಂದಳು. ಡಾಕ್ಟರು ಹೇಳಿದ ಪ್ರಕಾರ ಹೀಗೇ ನಡೆದರೆ ವರ್ಷದೊಳಗೆ ಡಯಾಲಿಸಿಸ್. ಅದಕ್ಕೆ ನಮ್ಮೂರಲ್ಲಿ ಯಂತ್ರವಿಲ್ಲ.

ಆ ತಿಂಗಳು ಇನ್ನೊಂದು ಆದೇಶ ಬಂತು. ಕಚೇರಿಯ ಬದಲಿಗೆ ಹೊಸದಾಗಿ ಒಂದು ಪ್ರಾಧಿಕಾರ ಬರುತ್ತದೆ. ಒಂದಾದರೂ ಹೇಳಿಕೆ ಉಳಿದಿರುವ ಪ್ರಕರಣ ಅಲ್ಲಿಗೆ ಹೋಗುತ್ತದೆ, ಅಲ್ಲಿ ಮೊದಲಿನಿಂದ ವಿಚಾರಣೆ. ಎಲ್ಲರೂ ಹೇಳಿಕೆ ವಾಪಸ್ ಪಡೆದಿದ್ದರೆ ಪ್ರಕರಣ ಅಲ್ಲಿಗೆ ಮುಕ್ತಾಯ. ವಾಪಸ್ ಪಡೆಯಲು ಮೂವತ್ತೊಂದನೇ ತಾರೀಕು ಕೊನೆಯ ದಿನ.

ಹೇಳಿಕೆ ಸುಳ್ಳು ಎಂದು ವಾಪಸ್ ಪಡೆದವರಿಗೆ ಉಪ್ಪು ಬರುತ್ತದೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಹಾಗೆ ಮಾಡಿದವರೂ ಇದ್ದರು. ಆದರೆ ಗುರುಸಿದ್ದಪ್ಪನವರು ಅದನ್ನು ಡಂಗುರ ಹೊಡೆಸಿದರು. ನೂರಾ ಹತ್ತು ಪ್ರಕರಣ ಬಾಕಿಯಿದ್ದವು. ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಮುಂದೆ ಸಾಲು ನಿಲ್ಲುತ್ತಿತ್ತು. ನಾನು ಒಳಗಿನ ಕೋಣೆಯಲ್ಲಿ ವಾಪಸ್ ಪತ್ರ ಟೈಪ್ ಮಾಡುತ್ತಿದ್ದೆ. ದಸ್ತಗೀರ್ ಸಾಬರು ಅದನ್ನು ಒಯ್ದು ಮುಂದಿನ ಕೋಣೆಯಲ್ಲಿ ಗುರುಸಿದ್ದಪ್ಪನವರ ಮೇಜಿನ ಮೇಲಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಸಹಿಯಾಗಿ ವಾಪಸ್ ಬರುತ್ತಿತ್ತು. ಅಲ್ಲಿ ಏನು ಕೇಳುತ್ತಿದ್ದರು, ಸಾಕ್ಷಿಗಳೇನು ಹೇಳುತ್ತಿದ್ದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿಟಕಿಯಿಂದ ಮೆಟ್ಟಿಲು ಕಾಣುತ್ತಿತ್ತು. ಕೆಲಸ ಮುಗಿಸಿದವರು ಅಲ್ಲಿ ಕುಳಿತು ಬಾಯಲ್ಲಿ ಹರಳು ಚೀಪುತ್ತಿದ್ದರು. ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಗನ ಮೇಲೆ ಗೋಡೆ ಬಿದ್ದದ್ದನ್ನು ಕಣ್ಣಾರೆ ಕಂಡ ಮಾಳಿಂಗಯ್ಯ ಎಂಬ ಮುದುಕ, ಮೂರು ಹರಳು ತಿಂದು ನಾಲ್ಕನೆಯದಕ್ಕೆ ಕೈ ಒಡ್ಡಿದಾಗ ದಸ್ತಗೀರ್ ಸಾಬರು, "ಸಾಕು ಹೋಗಯ್ಯಾ, ವಾಂತಿ ಆಗ್ತದೆ," ಎಂದರು.

ಇಪ್ಪತ್ತೈದನೇ ತಾರೀಕಿನ ಹೊತ್ತಿಗೆ ಉಳಿದದ್ದು ಒಂದೇ ಪ್ರಕರಣ. ಹಾಸ್ಟೆಲಿನದು. ಹನ್ನೊಂದು ಜನರಲ್ಲಿ ಹತ್ತು ಜನ ವಾಪಸ್ ಪಡೆದಾಗಿತ್ತು; ಹತ್ತನೆಯವನು ಹಾಸ್ಟೆಲಿಗೆ ಹಾಲು ಹಾಕುತ್ತಿದ್ದ ಚೆನ್ನಬಸವ, ಮಗಳ ಮದುವೆ ಗೊತ್ತಾದಾಗ. ಉಳಿದ ಒಂದು ಹೇಳಿಕೆ ಅಮ್ಮನದು.

ಅಮ್ಮ ಏನು ಹೇಳಿದ್ದಳೆಂದು ನಾನು ಅದುವರೆಗೆ ಓದಿರಲಿಲ್ಲ. ಬೀಗದ ವಿಷಯ ಎಂದಷ್ಟೇ ಗೊತ್ತಿತ್ತು. ಆವತ್ತು ಕಡತ ತೆಗೆದೆ. ಎಂಟನೇ ಪುಟ, ಕೆಳಗೆ ಅವಳ ಹೆಬ್ಬೆಟ್ಟು. "ಬೆಂಕಿ ಬೀಳುವ ಹಿಂದಿನ ತಿಂಗಳು ಸುರಕ್ಷತಾ ಕಚೇರಿಯ ಸಾಹೇಬರು ಕಟ್ಟಡ ನೋಡಲು ಬಂದಿದ್ದರು. ಅಡುಗೆಮನೆಯಲ್ಲೇ ಕೂತರು. ಮುದ್ದೆ, ಸೊಪ್ಪಿನ ಸಾರು ಬಡಿಸಿದೆ. ಎರಡನೇ ಸಲ ಹಾಕಿಸಿಕೊಂಡರು. ಹಿಂಬಾಗಿಲಿಗೆ ವರ್ಷದಿಂದ ಬೀಗವಿದೆ ಸ್ವಾಮಿ, ಹೇಳಿ ತೆಗೆಸಿ ಎಂದು ನಾನೇ ಹೇಳಿದೆ. ಆಗಲಿ ಎಂದರು. ಅತ್ತ ಹೋಗಲಿಲ್ಲ. ಅಲ್ಲೇ ಕೂತು ಕಾಗದಕ್ಕೆ ಸಹಿ ಹಾಕಿದರು. ಆ ಸಾಹೇಬರ ಹೆಸರು ಗುರುಸಿದ್ದಪ್ಪ."

ಹಿಂದಿನ ಪುಟದಲ್ಲಿ ಆ ಕಾಗದವೂ ಇತ್ತು. 'ಎರಡು ನಿರ್ಗಮನ ದ್ವಾರಗಳಿದ್ದು ಎರಡೂ ಮುಕ್ತವಾಗಿವೆ.'

ಕಡತ ಹಿಡಿದುಕೊಂಡೇ ಅವರ ಕೋಣೆಗೆ ಹೋದೆ. ಅವರು ಕನ್ನಡಕ ಒರೆಸುತ್ತಿದ್ದರು. ನಿವೃತ್ತಿಗೆ ಎರಡು ತಿಂಗಳಿದ್ದ ಮನುಷ್ಯ.

"ಓದಿದ್ಯಾ?" ಎಂದರು.

"ಓದಿದೆ ಸಾರ್."

"ಎಂಟನೇ ಪುಟ." ಕನ್ನಡಕ ಹಾಕಿಕೊಂಡರು. "ಆವತ್ತು ನನಗೆ ಏಳು ಕಟ್ಟಡ ನೋಡೋದಿತ್ತು. ನಿಮ್ಮಮ್ಮನ ಹಾಸ್ಟೆಲು ಐದನೇದು. ಹಸಿವಾಗಿತ್ತು. ಊಟ ಚೆನ್ನಾಗಿತ್ತು."

"ನೀವು ಯಾಕೆ ಹೇಳಿಕೆ ಕೊಡಲಿಲ್ಲ?"

"ನನ್ನ ಹೆಂಡತಿಯೂ ಅಡುಗೆ ಚೆನ್ನಾಗಿ ಮಾಡ್ತಾಳೆ," ಎಂದರು. ನಗಲಿಲ್ಲ. "ನಿನಗೆ ಇಲ್ಲಿ ಕೆಲಸ ಕೊಟ್ಟಿದ್ದು ಯಾಕೆ ಅಂತ ಈಗ ಕೇಳಬೇಡ. ಅದಕ್ಕೇ ಕೊಟ್ಟೆ ಅಂತ ಇಟ್ಕೋ."

ಅವರು ಖಾಲಿ ವಾಪಸ್ ಪತ್ರವೊಂದನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು. "ನಿಮ್ಮಮ್ಮನ ಕಾಲು ನೋಡಿದೆ, ಸಂತೆಯಲ್ಲಿ. ಇಷ್ಟು ದಪ್ಪ ಆಗಿದೆ. ಈ ಫೈಲು ಹೊಸ ಕಡೆ ಹೋದರೆ ಏನಾಗುತ್ತೆ ಅಂತ ನಿನಗೇ ಗೊತ್ತು, ಚರಿತ್ರೆ ಬರೆದೋಳು ನೀನು. ಅವರಿಗೆ ನಡೆಯೋಕೆ ಆಗಲ್ಲ ಅಂದ್ರೆ ಮನೆಯಲ್ಲೇ ಸಹಿ ಹಾಕಿಸ್ಕೊಂಡು ಬಾ. ನಾನು ತಗೋತೀನಿ."

ಅವರ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಮೂವತ್ತೆಂಟು ವರ್ಷದ ಕಡತ ಓದಿ ನಾನು ಕಲಿತದ್ದು ಅಷ್ಟೇ. ಈ ಊರಲ್ಲಿ ಹೇಳಿಕೆಗಳಿಂದ ಕೆಟ್ಟದ್ದು ಹೇಳಿದವರ ಬಾಯಿ ಮಾತ್ರ.

ಮನೆಗೆ ಬಂದು ಅಮ್ಮನ ಮುಂದೆ ಕಾಗದ ಇಟ್ಟೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

"ಏನದು?"

"ಸಹಿ ಹಾಕಿದ್ರೆ ನಾಳೆಯಿಂದ ಉಪ್ಪು ಬರುತ್ತೆ."

"ಏನು ಅಂತ ಬರೆದಿದೆ?"

"ನಾನು ಹೇಳಿದ್ದು ಸುಳ್ಳು ಅಂತ."

ಅವಳು ಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ಬೀಗ ಇರಲಿಲ್ಲ ಅಂತಾಯ್ತು."

"ಕಾಗದದ ಮಟ್ಟಿಗೆ ಅಷ್ಟೇ ಅಮ್ಮ."

"ಬೀಗ ಇರಲಿಲ್ಲ ಅಂದ್ರೆ ಆ ಮಕ್ಕಳು ಯಾಕೆ ಇಳಿದು ಬರಲಿಲ್ಲ? ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ? ಬಾಗಿಲು ತೆಗೆದಿತ್ತು, ಅವರೇ ಕೂತಿದ್ರು ಅಂತಲಾ?"

"ಯಾರೂ ಕೇಳಲ್ಲ. ಹತ್ತೊಂಬತ್ತು ವರ್ಷದಿಂದ ಯಾರೂ ಕೇಳಿಲ್ಲ. ಅವರಪ್ಪ ಅಮ್ಮಂದಿರೇ ವಾಪಸ್ ತಗೊಂಡಿದ್ದಾರೆ."

"ತಗೊಳ್ಳಲಿ. ಅವರಿಗೆ ಮಕ್ಕಳು ಹೋದ ಸಂಕಟ ಇತ್ತು, ಉಪ್ಪೂ ಹೋಯ್ತು. ನನ್ನದು ಉಪ್ಪು ಒಂದೇ."

"ಕಿಡ್ನಿ?"

"ಅದು ಯಾರಿಗೆ ಹೋಗಲ್ಲ?" ಕಾಯಿಯ ತಟ್ಟೆ ಎತ್ತಿಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, "ಆವತ್ತು ಬೆಳಿಗ್ಗೆ ಉಪ್ಪಿಟ್ಟು ಬಡಿಸಿದ್ದೆ ಕಣೆ ಅವರಿಗೆ. ಸಾವಿತ್ರಿ ಅಂತ, ಎಂಟನೇ ಕ್ಲಾಸು, ಉಪ್ಪು ಕಮ್ಮಿ ಆಗಿದೆ ಅಕ್ಕ ಅಂದ್ಲು. ಮಧ್ಯಾಹ್ನ ಸರಿ ಮಾಡ್ತೀನಿ ಅಂದೆ," ಎಂದು ಒಳಗೆ ಹೋದಳು.

ಮೂರು ದಿನ ಮತ್ತೆ ಮತ್ತೆ ಕೇಳಿದೆ. ಮೂರನೇ ದಿನ ಕೂಗಾಡಿದೆ. ನಿನ್ನ ಹಟಕ್ಕೆ ನಾನು ಅಪ್ಪನನ್ನು ಕಳೆದುಕೊಂಡೆ, ಈಗ ನಿನ್ನನ್ನೂ ಕಳೆದುಕೊಳ್ಳಬೇಕಾ ಎಂದೆ. ಅವತ್ತು ಸಂಜೆ ಲೋಟದಲ್ಲಿ ಮತ್ತೆ ಉಪ್ಪಿನಕಾಯಿ ರಸ ಕಂಡಿತು.

ಮೂವತ್ತನೇ ತಾರೀಕು, ಊಟದ ವಿರಾಮದಲ್ಲಿ, ಕಡತಗಳ ಹಾಲಿನಲ್ಲಿ ಕುಳಿತು ಅಮ್ಮನ ಸಹಿಯನ್ನು ನಾನೇ ಹಾಕಿದೆ. ಕಷ್ಟವಾಗಲಿಲ್ಲ. ಅವಳಿಗೆ ಸಹಿ ಹಾಕಲು ಕಲಿಸಿದವಳೇ ನಾನು, ಹೈಸ್ಕೂಲಿನಲ್ಲಿದ್ದಾಗ, ಸ್ಲೇಟಿನ ಮೇಲೆ. ಅವಳ ಅಕ್ಷರ ನನ್ನ ಆಗಿನ ಅಕ್ಷರವೇ. ತಂದುಕೊಟ್ಟವರು ಎಂಬ ಕಡೆ ನನ್ನ ಹೆಸರು ಬರೆದು ಗುರುಸಿದ್ದಪ್ಪನವರ ಮೇಜಿನ ಮೇಲಿಟ್ಟೆ. ಅವರು ಸಹಿಯನ್ನು ನೋಡಿದರು, ನನ್ನನ್ನು ನೋಡಿದರು, ಮೊಹರು ಒತ್ತಿದರು. ಆಮೇಲೆ ಚರಿತ್ರೆಯ ಕೊನೆಯ ಪುಟ ತರಿಸಿಕೊಂಡು ಸಾಧನೆಗಳ ಅಧ್ಯಾಯಕ್ಕೆ ಒಂದೇ ಸಾಲು ಸೇರಿಸಿದರು: 'ಕಚೇರಿ ಮುಚ್ಚುವ ದಿನ ಬಾಕಿ ಉಳಿದ ಪ್ರಕರಣಗಳು: ಇಲ್ಲ.'

ಮಾರನೇ ಬೆಳಿಗ್ಗೆ ಅಮ್ಮನಿಗಿಂತ ಮುಂಚೆ ಎದ್ದೆ. ಅವಳು ಮುಖ ತೊಳೆದು ಭರಣಿಗೆ ಕೈ ಹಾಕಿದಳು. ಹರಳನ್ನು ನಾಲಿಗೆಗೆ ಇಟ್ಟುಕೊಂಡಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಅವಳು ಅಂಗಳಕ್ಕೆ ಉಗಿದು, "ಏನೇ ಹಂಗೆ ನೋಡ್ತೀಯ? ಇವತ್ತು ಆಫೀಸಿಗೆ ಹೋಗಲ್ವಾ?" ಎಂದಳು.

ಒಂದೆರಡು ದಿನ ತಡವಾಗಬಹುದು ಅಂದುಕೊಂಡೆ. ವಾರವಾಯಿತು. ದಸ್ತಗೀರ್ ಸಾಬರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಸೊಸೆಗೆ ಬೆಳ್ಳುಳ್ಳಿ ಸುಲಿದುಕೊಡುತ್ತಿದ್ದರು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವರ ಕೈ ನಿಂತಿತು.

"ಕಾಗದಕ್ಕೆ ಎಲ್ಲಿ ಬರ್ತದಮ್ಮಾ ಉಪ್ಪು? ಬಾಯಲ್ಲಿ ಹೇಳಬೇಕು. ನಾನು ಸುಳ್ಳು ಹೇಳಿದ್ದೆ ಅಂತ ಆಫೀಸರ ಮುಂದೆ ಬಾಯಿಬಿಟ್ಟು ಹೇಳಬೇಕು. ದಿನಾ ಮುಂದಿನ ಕೋಣೆಯಲ್ಲಿ ನಡೀತಿತ್ತಲ್ಲ, ನೀನು ಕೇಳಿಸ್ಕೊಂಡಿಲ್ವಾ?"

"ಕಾಗದದಲ್ಲಿ ಸಹಿ ಮಾತ್ರ ಇರ್ತಿತ್ತು ಸಾಬ್ರೇ."

"ಕಾಗದದಲ್ಲಿ ಅಷ್ಟೇ ಇರ್ತದೆ."

"ಸೂಪರಿಂಟೆಂಡೆಂಟ್ ಸಾಹೇಬರಿಗೆ ಗೊತ್ತಿತ್ತಾ?"

"ಅವರೇ ಕೇಳ್ತಿದ್ದಿದ್ದು," ಎಂದರು. ಇನ್ನೊಂದು ಬೆಳ್ಳುಳ್ಳಿ ಎತ್ತಿಕೊಂಡು, "ಅವರಿಗೆ ಕಾಗದ ಸಾಕಿತ್ತಮ್ಮ," ಎಂದರು.

ಹೀಗೆ ಹುಡುಗಿಯರ ಕೇಸು ಹೋಯಿತು, ಉಪ್ಪೂ ಬರಲಿಲ್ಲ. ತೀರ್ಮಾನವಾಗಲು ಕೇಸೇ ಇಲ್ಲ. ಅದು ಅಮ್ಮನಿಗೆ ಗೊತ್ತಿಲ್ಲ. ಅವಳು ದಿನಾ ಬೆಳಿಗ್ಗೆ ಹರಳು ಇಟ್ಟುಕೊಂಡು, "ಇನ್ನೂ ಆಗಿಲ್ಲ," ಎನ್ನುವಳು. ನಾನು ಹೂಂ ಎನ್ನುವೆ. ನನಗೆ ಬೈಪಾಸಿನ ಹತ್ತಿರ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಬಿಲ್ಲು ಹಾಕುವ ಕೆಲಸ ಸಿಕ್ಕಿತು. ಗುರುಸಿದ್ದಪ್ಪನವರು ನಿವೃತ್ತರಾದರು, ಬೀಳ್ಕೊಡುಗೆಗೆ ಹೋಳಿಗೆ ಊಟ ಹಾಕಿಸಿದರು, ನಾನು ಹೋಗಲಿಲ್ಲ. ಅಮ್ಮನ ಮುಖವೂ ಊದಿಕೊಳ್ಳತೊಡಗಿತು.

ನಾಲ್ಕು ತಿಂಗಳಾದ ಮೇಲೆ ಅವಳು, "ಹೊಸ ಆಫೀಸಿಗೆ ಹೋಗಿ ಕೇಳಿಬರೋಣ," ಎಂದಳು. "ಎಲ್ಲ ಫೈಲು ಅಲ್ಲಿಗೆ ಹೋಗಿದೆಯಂತೆ. ನಾನೇ ಹೋಗಿ ಹೇಳಿದ್ರೆ ಬೇಗ ಮಾಡ್ತಾರೋ ಏನೋ. ನಾನು ಇರೋವಾಗಲೇ ಆಗಲಿ."

"ಕಾಲು ಇಷ್ಟು ಊದಿದೆ, ಎಲ್ಲಿ ಹೋಗ್ತೀಯ? ನಾನು ಕೇಳ್ಕೊಂಡು ಬರ್ತೀನಿ."

"ನೀನು ಕೇಳ್ಕೊಂಡು ಬರ್ತೀನಿ ಅಂತ ಎರಡು ತಿಂಗಳಾಯ್ತು. ನೀನು ಬರದಿದ್ರೆ ಆಟೋ ಮಾಡ್ಕೊಂಡು ನಾನೇ ಹೋಗ್ತೀನಿ."

ಹೋಗುವ ಹಿಂದಿನ ದಿನ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಅವಳು ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. ಇನ್ನೊಂದು ಸಲ, ಅಲ್ಲಿ ಏನೇನು ಹೇಳಬೇಕೆಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು: ವರ್ಷದಿಂದ ಬೀಗ ಇತ್ತು ಸ್ವಾಮಿ, ನಾನೇ ಸಾಹೇಬರಿಗೆ ಹೇಳಿದೆ ಸ್ವಾಮಿ. ನಾನು ಹೇಳಲಿಲ್ಲ.

ಹೊಸ ಪ್ರಾಧಿಕಾರ ಗಾಜಿನ ಕಟ್ಟಡದಲ್ಲಿತ್ತು. ಟೋಕನ್ ತೆಗೆದುಕೊಂಡು ಕುಳಿತೆವು. ಅಮ್ಮ ಕೆಳಗಿಡದೆ ತೊಡೆಯ ಮೇಲೇ ಚೀಲ ಇಟ್ಟುಕೊಂಡಿದ್ದಳು. ನಮ್ಮ ಸರದಿ ಬಂದಾಗ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಸಹಾಯಕ ಅಧಿಕಾರಿ, ನನ್ನ ವಯಸ್ಸಿನವನೇ, ಮರ್ಯಾದೆಯಿಂದ ಕುರ್ಚಿ ತೋರಿಸಿದ. ಅಮ್ಮ ಹೆಸರು, ವರ್ಷ, ಹಾಸ್ಟೆಲ್ ಎಲ್ಲ ಹೇಳಿದಳು. ಅವನು ಕಂಪ್ಯೂಟರಿನಲ್ಲಿ ಹುಡುಕಿದ, ಎದ್ದು ಹೋಗಿ ಒಂದು ಕಡತ ತಂದ.

"ಇದು ಮುಕ್ತಾಯ ಆಗಿದೆಯಲ್ಲಮ್ಮ."

"ತೀರ್ಮಾನ ಆಯ್ತಾ?" ಅಮ್ಮ ಮುಂದಕ್ಕೆ ಬಗ್ಗಿದಳು. "ಆಗಿದ್ರೆ ನನಗೆ ಗೊತ್ತಾಗಬೇಕಿತ್ತು ಸ್ವಾಮಿ."

"ತೀರ್ಮಾನ ಅಲ್ಲ. ಸಾಕ್ಷಿಗಳೆಲ್ಲ ಹೇಳಿಕೆ ವಾಪಸ್ ತಗೊಂಡಿದ್ದಾರೆ. ನೀವೂ ತಗೊಂಡಿದ್ದೀರ." ಕಡತವನ್ನು ಅವಳ ಕಡೆ ತಿರುಗಿಸಿದ. ಆಮೇಲೆ ಅವನೇ ಹುಬ್ಬು ಗಂಟಿಕ್ಕಿ ನೋಡಿದ. "ಹೇಳಿಕೆಯಲ್ಲಿ ಹೆಬ್ಬೆಟ್ಟಿದೆ. ವಾಪಸ್ ಪತ್ರದಲ್ಲಿ ಸಹಿ ಇದೆ. ಇದು ನಿಮ್ಮ ಸಹಿಯೇನಮ್ಮಾ?"

ಅಮ್ಮ ಕಾಗದವನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ನನ್ನ ಕಡೆ ತಿರುಗಲಿಲ್ಲ.

"ನಿಮ್ಮದಲ್ಲ ಅಂದ್ರೆ ಹೇಳಿ," ಎಂದ ಅವನು. "ಇದು ಫೋರ್ಜರಿ ಆಗುತ್ತೆ. ಈಗಲೇ ಪೊಲೀಸಿಗೆ ಕಳಿಸ್ತೀನಿ, ನಿಮ್ಮ ಕೇಸೂ ಮತ್ತೆ ತೆಗೀಬಹುದು. ತಂದುಕೊಟ್ಟವರ ಹೆಸರು ಇಲ್ಲೇ ಇದೆ. ನಾಗವೇಣಿ, ಗುತ್ತಿಗೆ ನೌಕರರು. ಯಾರು ಇವರು, ಗೊತ್ತಾ ನಿಮಗೆ?"

"ಸಾರ್," ಎಂದೆ ನಾನು. ಅಮ್ಮ ನನ್ನ ಮೊಣಕೈ ಹಿಡಿದಳು. ಆ ಊದಿದ ಬೆರಳುಗಳಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ.

"ನಂದೇ," ಎಂದಳು.

"ಸಹಿ ನಿಮ್ಮದೇ?"

"ನಂದೇ ಸ್ವಾಮಿ. ಆಗ ಬರ್ತಿರಲಿಲ್ಲ, ಆಮೇಲೆ ಕಲಿತೆ. ಮರೆತುಬಿಟ್ಟಿದ್ದೆ. ವಯಸ್ಸಾಯ್ತು ನೋಡಿ."

"ಹಾಗಾದ್ರೆ ನಾನು ಇಲ್ಲಿ ಷರಾ ಬರೀತೀನಿ, ಸಾಕ್ಷಿ ಖುದ್ದು ಹಾಜರಾಗಿ ದೃಢಪಡಿಸಿದ್ದಾರೆ ಅಂತ. ಅವತ್ತು ಕೊಟ್ಟ ಹೇಳಿಕೆ ಸುಳ್ಳು ಅಂತ ಒಪ್ಕೋತೀರಲ್ಲ?"

ಅಮ್ಮ ತಲೆ ಆಡಿಸಿದಳು.

"ಬಾಯಲ್ಲಿ ಹೇಳಬೇಕಮ್ಮ."

"ಸುಳ್ಳು ಹೇಳಿದ್ದೆ," ಎಂದಳು. "ಬೀಗ ಇರಲಿಲ್ಲ."

ಅವನು ಬರೆದುಕೊಂಡ. ತಪ್ಪು ಹೇಳಿಕೆ ಕೊಟ್ಟದ್ದಕ್ಕೆ ಈಗ ಕ್ರಮವೇನೂ ಇಲ್ಲ, ತುಂಬ ಹಳೆಯದು, ಹೆದರಬೇಡಿ ಎಂದು ಸಮಾಧಾನ ಹೇಳಿದ. ಅಮ್ಮ ಕೈ ಮುಗಿದಳು. ಹೊರಗೆ ಬಂದೆವು. ಆಟೋ ಸಿಗಲಿಲ್ಲ. ಅವಳು ನಿಲ್ಲಲಾರದೆ ಗೋಡೆ ಹಿಡಿದುಕೊಂಡಳು. ನಾನು, "ಅಮ್ಮ, ನಿನ್ನ ಕಿಡ್ನಿ..." ಎಂದು ಶುರುಮಾಡಿದೆ. "ಗೊತ್ತು," ಎಂದಳು. "ಹಸಿವಾಗ್ತಿದೆ. ಎಲ್ಲಾದ್ರೂ ಕೂರೋಣ."

ರಸ್ತೆಯ ಆಚೆ ಒಂದು ಹೋಟೆಲಿತ್ತು. ಮಾಣಿ ಅವಳ ಮುಖದ ಊತ ನೋಡಿ ತಾನೇ ಗೋಡೆಯ ಕಡೆಯ ಮೇಜು ತೋರಿಸಿದ. ಎರಡು ಊಟ ಹೇಳಿದೆ. ಎಲೆ ಹಾಕಿದರು, ಅನ್ನ ಹಾಕಿದರು, ಸಾರು ಬಿಟ್ಟರು. ಅಮ್ಮ ಕಲಸಿದಳು. ಅಭ್ಯಾಸದ ಮೇಲೆ ಬಟ್ಟಲಿಗೆ ಕೈ ಹಾಕಿ ಉಪ್ಪು ತೆಗೆದವಳು, ಏನು ನೆನಪಾಯಿತೋ, ಹಾಗೇ ವಾಪಸ್ ಬಿಟ್ಟಳು. ಒಂದು ತುತ್ತು ಬಾಯಿಗಿಟ್ಟುಕೊಂಡಳು.

ಅವಳ ಗಂಟಲು ಅಲ್ಲಾಡಿತು.

ನಾನು ಎಲೆಯ ಕಡೆ ಮುಖ ಮಾಡಿದೆ. ಪಕ್ಕದ ಮೇಜಿನಲ್ಲಿ ಯಾರೋ ಹಪ್ಪಳ ಕೇಳುತ್ತಿದ್ದರು. ಅಮ್ಮ ಇನ್ನೊಂದು ತುತ್ತು ಇಟ್ಟುಕೊಂಡಳು. ಅಗಿಯಲಿಲ್ಲ, ನುಂಗಲಿಲ್ಲ, ಬಾಯಲ್ಲಿ ಹಾಗೇ ಬಹಳ ಹೊತ್ತು ಇಟ್ಟುಕೊಂಡಿದ್ದಳು. ಆಮೇಲೆ ಅದನ್ನು ಎಲೆಯ ಮೂಲೆಗೆ ಉಗಿದು, ಎಲೆಯನ್ನು ಮಡಿಚಿದಳು.

"ಉಪ್ಪು ಸರಿಯಾಗಿದೆ," ಎಂದಳು. "ನೀನು ಊಟ ಮಾಡು."

ನಾನು ಪೂರ್ತಿ ಊಟ ಮಾಡಿದೆ.